ಆಕೆಯ ಒಳಮಾತು ಯಾರ ಮಾತು? ಇಂಗ್ಲಿಷ್ ಲೇಖಕಿಯರ ಕಾದಂಬರಿಗಳ ಕುರಿತು ಒಂದು ಚರ್ಚೆ

ಅರ್ಧವಿರಾಮ:
ಗೈಡುಗಳಲ್ಲಿ, ತರಗತಿ ನೋಟ್ಸ್‌ಗಳಲ್ಲಿ ಒಂದು ಮಾತು ಸವೆದು ಹೋಗುವಷ್ಟು ಓಡಾಡಿದೆ. ಹೆಣ್ಣಿನ ಮನಸ್ಸು ಹರಿಯುವ ನೀರಿನಂತೆ, ಅದಕ್ಕೇ ಲೇಖಕಿಯರು ಯೋಚನೆಗಳನ್ನು ಬಂದಂತೆಯೇ ಬರೆಯುವ ಪ್ರಜ್ಞಾಪ್ರವಾಹ ತಂತ್ರ ಹಿಡಿದರು, ಪೂರ್ಣವಿರಾಮ ಕೈಬಿಟ್ಟರು ಅಂತ. ಈ ಮಾತನ್ನು ಪಠ್ಯದ ಮೇಲಿಟ್ಟು ತೂಗೋಣ ಅಂತ ಈ ಎಳೆ ಶುರು ಮಾಡುತ್ತಿದ್ದೇನೆ.

ಮೊದಲು ಹೆಸರಿನ ಕಥೆ. 'ಪ್ರಜ್ಞಾಪ್ರವಾಹ' ಮನಶ್ಶಾಸ್ತ್ರದ ಪದ. ವಿಲಿಯಂ ಜೇಮ್ಸ್ 1890ರ ತನ್ನ ಗ್ರಂಥದಲ್ಲಿ ಬಳಸಿದ್ದ. ಅದನ್ನು ಎತ್ತಿ ಕಾದಂಬರಿಗೆ ಅಂಟಿಸಿದವರು ಮೇ ಸಿಂಕ್ಲೇರ್, 1918ರಲ್ಲಿ, 'ದಿ ಈಗೋಯಿಸ್ಟ್' ಪತ್ರಿಕೆಯಲ್ಲಿ. ಅಂಟಿಸಿದ್ದು ಜೇಮ್ಸ್ ಜಾಯ್ಸ್‌ಗಲ್ಲ, ವರ್ಜೀನಿಯಾ ವುಲ್ಫ್‌ಗೂ ಅಲ್ಲ, ಡೊರೊಥಿ ರಿಚರ್ಡ್‌ಸನ್‌ಗೆ. ಅವರ 'ಪಿಲ್ಗ್ರಿಮೇಜ್' ಮಾಲಿಕೆಯ ಮೊದಲ ಸಂಪುಟ 'ಪಾಯಿಂಟೆಡ್ ರೂಫ್ಸ್' 1915ರಲ್ಲಿ ಬಂತು, 13ನೆಯದು ಅವರು ತೀರಿಹೋಗಿ 10 ವರ್ಷದ ಮೇಲೆ, 1967ರಲ್ಲಿ. ತಮಾಷೆ ಎಂದರೆ ರಿಚರ್ಡ್‌ಸನ್‌ಗೆ ಆ ಹೆಸರೇ ಹಿಡಿಸಲಿಲ್ಲ.

ಎರಡನೆಯದಾಗಿ, ಒಳಮಾತು ಅಂದರೆ ಒಂದೇ ಬಗೆಯಲ್ಲ. ಚರ್ಚೆ ಇಲ್ಲೇ ದಾರಿ ತಪ್ಪುವುದು. ನನ್ನದೇ ಒಂದು ಸಾದಾ ಉದಾಹರಣೆ ಇಡುತ್ತೇನೆ:

ನಿರೂಪಕರ ವರದಿ: ಬಾಗಿಲಿನ ಚಿಂತೆ ದಾರಿಯುದ್ದಕ್ಕೂ ಅವಳನ್ನು ಕೊರೆಯಿತು.
ಉದ್ಧರಿಸಿದ ಯೋಚನೆ: 'ಬಾಗಿಲು ಹಾಕಿದೆನಾ?' ಅಂದುಕೊಂಡಳು.
ಮುಕ್ತ ಪರೋಕ್ಷ (ನಿರೂಪಕರ 'ಅವಳು', ಪಾತ್ರದ ಮಾತಿನ ಧಾಟಿ): ಬಾಗಿಲು ಹಾಕಿದ್ದಳಾ? ಅಯ್ಯೋ, ಗ್ಯಾಸು ಬೇರೆ!
ಆಂತರಿಕ ಸ್ವಗತ: ಬಾಗಿಲು. ಹಾಕಿದೆ. ಹಾಕಿದೆನಾ. ಗ್ಯಾಸು.

ಡೊರಿಟ್ ಕೋನ್ 1978ರ ಪುಸ್ತಕದಲ್ಲಿ ಮೂರನೇ ವ್ಯಕ್ತಿಯ ಕಥನಕ್ಕೆ ಇವುಗಳಲ್ಲಿ ಮೊದಲ ಮೂರನ್ನು ವಿಂಗಡಿಸಿದ್ದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಪ್ರಜ್ಞಾಪ್ರವಾಹ ಅಂತ ನಾವು ಒಟ್ಟಾರೆ ಕರೆಯುವುದರಲ್ಲಿ ಈ ನಾಲ್ಕೂ ಬೆರೆತಿರುತ್ತವೆ. ಹಾಗಾದರೆ 'ಹೆಣ್ಣಿನ ಒಳಮಾತು' ಅಂದಾಗ ಹೆಣ್ಣುತನ ಇರುವುದು ಎಲ್ಲಿ? ವ್ಯಾಕರಣದಲ್ಲೋ, ಚಿಹ್ನೆಯಲ್ಲೋ, ಇನ್ನೆಲ್ಲಾದರೂ ಇದೆಯೋ?

ಅಂಚಿನ ಟಿಪ್ಪಣಿ:
ಶುರು ಮಾಡುವುದಾದರೆ ಜೇನ್ ಆಸ್ಟನ್‌ರಿಂದ. 'ಎಮ್ಮಾ' (1815ರ ಡಿಸೆಂಬರ್‌ನಲ್ಲಿ ಬಂತು, ಮುಖಪುಟದಲ್ಲಿ 1816) ಕಾದಂಬರಿಯ 16ನೇ ಅಧ್ಯಾಯ ತೆಗೆಯಿರಿ. ಹಿಂದಿನ ಅಧ್ಯಾಯದಲ್ಲಿ ಸಾರೋಟಿನೊಳಗೆ ಎಲ್ಟನ್ ಪ್ರೇಮ ನಿವೇದನೆ ಮಾಡಿ ಆಗಿದೆ. ಅವನನ್ನು ಗೆಳತಿ ಹ್ಯಾರಿಯೆಟ್‌ಗೆ ಗಂಟುಹಾಕಲು ಎಮ್ಮಾ ತಿಂಗಳುಗಟ್ಟಲೆ ಒದ್ದಾಡಿದ್ದಳು. ಮೊದಲ ವಾಕ್ಯ: ಕೂದಲು ಸುರುಳಿ ಮಾಡಿಯಾಯಿತು, ಕೆಲಸದವಳನ್ನು ಕಳಿಸಿಯಾಯಿತು, ಎಮ್ಮಾ ಯೋಚಿಸುತ್ತ ದುಃಖಪಡಲು ಕುಳಿತಳು. ಇದು ನಿರೂಪಕಿಯದು. ಮುಂದಿನ ವಾಕ್ಯದಲ್ಲೇ 'ಎಂಥ ದರಿದ್ರ ವಿಚಾರ!' ಎಂಬ ಧಾಟಿ. ಉದ್ಧರಣ ಚಿಹ್ನೆ ಇಲ್ಲ, 'ಅಂದುಕೊಂಡಳು' ಇಲ್ಲ. ಮಾತು ಎಮ್ಮಾಳ ಬಾಯಿಗೆ ಜಾರಿಬಿಟ್ಟಿದೆ.

ಗುರುತಿಸುವುದಕ್ಕೆ ಮೂರು ಪರೀಕ್ಷೆ ಮಾಡಿ. ಒಂದು, 'ಅವಳು' ತೆಗೆದು 'ನಾನು' ಹಾಕಿ, ಭೂತಕಾಲವನ್ನು ವರ್ತಮಾನ ಮಾಡಿ. ಬಾಯಿಂದ ಬರಬಹುದಾದ ಮಾತಾಯಿತೆ? ಎರಡು, ಹಿಂದೆ 'ಎಂದು ಯೋಚಿಸಿದಳು' ಎಂಬರ್ಥದ ಇಂಗ್ಲಿಷ್ ಚೌಕಟ್ಟು ಸಿಕ್ಕಿಸಿ. ಉದ್ಗಾರ ಅದರೊಳಗೆ ಹಿಡಿಸುವುದಿಲ್ಲ, ವಾಕ್ಯ ಮುರಿಯುತ್ತದೆ. ಆ್ಯನ್ ಬ್ಯಾನ್‌ಫೀಲ್ಡ್ 1982ರಲ್ಲಿ ಈ ಅಂಶದ ಮೇಲೇ ವಾದ ಕಟ್ಟಿದ್ದು. ಮೂರು, ಈ ವಾಕ್ಯದಲ್ಲಿರುವ ತಿಳಿವಳಿಕೆ ಪಾತ್ರಕ್ಕೆ ಇದೆಯೇ ಎಂದು ಕೇಳಿ. ಮೂರನೆಯದನ್ನು ಬಿಟ್ಟವರು ಎಡವುತ್ತಾರೆ. 'ಯೋಚಿಸುತ್ತ ದುಃಖಪಡಲು ಕುಳಿತೆ' ಅಂತ ವ್ಯಾಕರಣದ ಪ್ರಕಾರ ಎಮ್ಮಾ ಹೇಳಬಹುದು. ಆದರೆ ದುಃಖಪಡುವುದಕ್ಕೆ ಪುರುಸೊತ್ತು ಮಾಡಿಕೊಂಡೆ ಎಂಬ ವ್ಯಂಗ್ಯ ಅವಳಿಗೆ ಹೊಳೆಯುವುದಲ್ಲ. ಅದು ನಿರೂಪಕಿಯ ಕೈಚಳಕ.

ಈಗ ಅದೇ ಅಧ್ಯಾಯದಲ್ಲಿ ಸ್ವಲ್ಪ ಕೆಳಗೆ ಬನ್ನಿ. ಎಲ್ಟನ್‌ಗೆ ಬೇಕಿದ್ದದ್ದು 30 ಸಾವಿರ ಪೌಂಡಿನ ವಾರಸುದಾರಿಣಿ ಮಿಸ್ ವುಡ್‌ಹೌಸ್. ಅವಳು ಸಿಗದಿದ್ದರೆ 20 ಸಾವಿರದವಳು, ಅದೂ ಇಲ್ಲದಿದ್ದರೆ 10 ಸಾವಿರದವಳು. ಲೆಕ್ಕ ಹಾಕುತ್ತಿರುವುದು ಎಮ್ಮಾಳ ಒಳಮಾತೇ. ಮನೆತನ ಎಷ್ಟು ತಲೆಮಾರಿನಿಂದ ಹಾರ್ಟ್‌ಫೀಲ್ಡ್‌ನಲ್ಲಿ ನೆಲೆಸಿದೆ ಎಂಬುದೂ ಅಲ್ಲೇ ಬರುತ್ತದೆ. ಅರ್ಧರಾತ್ರಿ ಒಬ್ಬಳೇ ಕುಳಿತ ಹುಡುಗಿಯ ತಲೆಯೊಳಗೆ ಮದುವೆ ಮಾರುಕಟ್ಟೆಯ ದರಪಟ್ಟಿ ತಾನಾಗಿಯೇ ಓಡುತ್ತಿದೆ. ಅರ್ಧವಿರಾಮ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದ ಶುರುವಾಗುತ್ತದೆ: ಹೆಣ್ಣುತನ ಚಿಹ್ನೆಯಲ್ಲಿಲ್ಲ, ಒಳಮಾತಿನೊಳಗೆ ಯಾರ ಶಬ್ದಗಳು ಬಂದು ಬಿಡಾರ ಹೂಡಿವೆ ಎಂಬುದರಲ್ಲಿದೆ.

ಕಡ್ಡಿ ಮುರಿದವ:
ಒಪ್ಪಲಾರೆ. ಜಾಯ್ಸ್‌ನ 'ಯುಲಿಸಿಸ್'ನ (1922) ಕೊನೆಯ ಅಧ್ಯಾಯ ಓದಿದವರಿಗೆ ಚಿಹ್ನೆ ಮುಖ್ಯವಲ್ಲ ಅನ್ನಲು ಬಾಯಿ ಬರುತ್ತದೆಯೇ? ಮಾಲಿ ಬ್ಲೂಮ್‌ಗೆ ಎಂಟು 'ವಾಕ್ಯ', ಅಲ್ಪವಿರಾಮಕ್ಕೂ ಗತಿಯಿಲ್ಲ. ಅದೇ ಕಾದಂಬರಿಯಲ್ಲಿ ಗಂಡಸರಾದ ಸ್ಟೀಫನ್, ಬ್ಲೂಮ್ ಇಬ್ಬರ ಒಳಮಾತಿಗೂ ಚಿಹ್ನೆ ಇವೆ. ಭೇದ ಮಾಡಿದ್ದು ಕಾಣುತ್ತಿದೆಯಲ್ಲ!

ಅರ್ಧವಿರಾಮ:
ಭೇದ ಮಾಡಿದ್ದು ನಿಜ. ಮಾಡಿದ್ದು ಯಾರು ಎಂಬುದೇ ಪ್ರಶ್ನೆ. ಆ ಅಧ್ಯಾಯ ಗಂಡಸೊಬ್ಬ ಕಲ್ಪಿಸಿದ ಹೆಣ್ಣಿನ ಮನಸ್ಸು. ಒಂದು ಪ್ರಯೋಗ ಮಾಡಿ ಸಾರ್. ಮಾಲಿಯ ಹತ್ತು ಸಾಲು ತೆಗೆದುಕೊಂಡು ಪೆನ್ಸಿಲಿನಲ್ಲಿ ಅಲ್ಪವಿರಾಮ, ಪೂರ್ಣವಿರಾಮ, ಲೋಪ ಚಿಹ್ನೆ ಹಾಕಿ. ಬಹುಪಾಲು ವಾಕ್ಯಗಳು ಶಿಸ್ತಾಗಿ ಎದ್ದು ನಿಲ್ಲುತ್ತವೆ. ಕರ್ತೃ, ಕ್ರಿಯಾಪದ ಎಲ್ಲ ಜಾಗದಲ್ಲೇ ಇವೆ. ಡೆರೆಕ್ ಆಟ್ರಿಜ್ 1989ರ ಲೇಖನದಲ್ಲಿ ತೋರಿಸಿದ್ದು ಇದನ್ನೇ. ಹರಿವು ಇರುವುದು ಅಚ್ಚಿನ ಪುಟದ ಮೇಲೆ, ವಾಕ್ಯರಚನೆಯಲ್ಲಲ್ಲ. ಇದೇ ಪ್ರಯೋಗವನ್ನು ಬ್ಲೂಮ್‌ನ ಒಳಮಾತಿನ ಮೇಲೆ ಮಾಡಿದರೆ ತುಂಡು ವಾಕ್ಯಗಳೇ ಹೆಚ್ಚು ಸಿಗುತ್ತವೆ. ವ್ಯಾಕರಣ ಮುರಿದಿರುವುದು ಗಂಡಸಿನ ತಲೆಯಲ್ಲಿ, ಚಿಹ್ನೆ ಕಳಚಿರುವುದು ಹೆಂಗಸಿನ ಮೈಮೇಲೆ!

ನಿಮ್ಮ ಕಡೆಗೊಂದು ಸಾಕ್ಷಿಯನ್ನೂ ನಾನೇ ಕೊಡುತ್ತೇನೆ. ರಿಚರ್ಡ್‌ಸನ್ 1938ರ ಒಟ್ಟು ಆವೃತ್ತಿಯ ಮುನ್ನುಡಿಯಲ್ಲಿ ಹೆಣ್ಣಿನ ಗದ್ಯಕ್ಕೆ ಚಿಹ್ನೆ ಇರಬಾರದು ಎಂದು ಬರೆದಿದ್ದಾರೆ. ಆದರೆ ಅದಕ್ಕೆ ಉದಾಹರಣೆಯಾಗಿ ಹೆಸರಿಸಿದ್ದು ಚಾರ್ಲ್ಸ್ ಡಿಕನ್ಸ್ ಮತ್ತು ಜಾಯ್ಸ್, ಇಬ್ಬರೂ ಗಂಡಸರು. ಡಿಕನ್ಸ್‌ನ 'ಲಿಟಲ್ ಡೊರಿಟ್'ನಲ್ಲಿ ಉಸಿರೆಳೆಯದೆ ಹರಟುವ ಫ್ಲೋರಾ ಫಿಂಚಿಂಗ್‌ಳನ್ನು ನೆನೆದರೆ ಮುನ್ನುಡಿಯ ತುಟಿಯಂಚಿನ ನಗು ಕಾಣಬಹುದು. ರಿಚರ್ಡ್‌ಸನ್‌ರ ಸ್ವಂತ ಪುಟಗಳಲ್ಲೋ, ಚಿಹ್ನೆ ಧಾರಾಳ, ಚುಕ್ಕಿಚುಕ್ಕಿ ಇನ್ನೂ ಧಾರಾಳ. ಅಲ್ಲಿ ಓದುಗರು ಕಷ್ಟಪಡುವುದು ಬೇರೆ ಕಾರಣಕ್ಕೆ. ಕಥೆ ನಾಯಕಿ ಮಿರಿಯಂ ಹೆಂಡರ್‌ಸನ್‌ಳ ಪ್ರಜ್ಞೆಯಿಂದ ಒಂದಡಿ ಆಚೆ ಹೋಗುವುದಿಲ್ಲ. ಅವಳಿಗೆ ಪರಿಚಯವಿದ್ದವರನ್ನು ನಮಗೆ ಪರಿಚಯಿಸುವವರಿಲ್ಲ. ಮುಂದಿನ ಸಂಪುಟಗಳಲ್ಲಿ 'ಅವಳು' ಹೇಳದೆ ಕೇಳದೆ 'ನಾನು' ಆಗುತ್ತದೆ.

ಇನ್ನೊಂದು. ವುಲ್ಫ್ 1923ರ ವಿಮರ್ಶೆಯಲ್ಲಿ ರಿಚರ್ಡ್‌ಸನ್ 'ಹೆಣ್ಣುಲಿಂಗದ ಮನೋವೈಜ್ಞಾನಿಕ ವಾಕ್ಯ' ಕಂಡುಹಿಡಿದರು ಅಂದದ್ದನ್ನು ಗೈಡುಗಳೆಲ್ಲ ಎತ್ತಿಕೊಳ್ಳುತ್ತವೆ. ಅದರ ಬೆನ್ನಿಗೇ ಇರುವುದನ್ನು ಬಿಡುತ್ತವೆ. ಇಂಥ ವಾಕ್ಯಗಳನ್ನು ಗಂಡಸರೂ ಬರೆದಿದ್ದಾರೆ. ಇದು ಹೆಣ್ಣಿನ ವಾಕ್ಯ ಆಗುವುದು, ತನ್ನ ಹೆಣ್ಣುಜಾತಿಯ ಮನಸ್ಸಿನಲ್ಲಿ ಏನು ಕಂಡರೂ ಹೆಮ್ಮೆಯನ್ನೂ ಪಡದ ಅಂಜಿಕೆಯನ್ನೂ ಪಡದ ಲೇಖಕಿ ಅದನ್ನು ಹೆಣ್ಣಿನ ಮನಸ್ಸು ಬಣ್ಣಿಸಲು ಬಳಸಿದ್ದರಿಂದ ಮಾತ್ರ. ವುಲ್ಫ್ ಅವರ ಮಾತಿನ ತಾತ್ಪರ್ಯ ಅಷ್ಟು.

ಹಳೇ ಬೈಂಡು:
ಅಂಚಿನ ಟಿಪ್ಪಣಿಯವರು ಹೇಳಿದ 'ಯಾರ ಶಬ್ದ' ಎಂಬ ಎಳೆಗೆ ಷಾರ್ಲಟ್ ಬ್ರಾಂಟಿಯ 'ಜೇನ್ ಏರ್' (1847) ಚಿನ್ನದ ಗಣಿ. ಇದು 'ನಾನು' ಹೇಳುವ ಕಥೆ, ಆದ್ದರಿಂದ ಮುಕ್ತ ಪರೋಕ್ಷದ ಗೊಂದಲ ಕಡಿಮೆ. ಆದರೆ ಒಳಮಾತು ಇಲ್ಲಿ ಸ್ವಗತವೇ ಅಲ್ಲ, ಜಗಳ.

10ನೇ ಅಧ್ಯಾಯ ನೋಡಿ. ಲೋವುಡ್ ಶಾಲೆಯಲ್ಲಿ ಎಂಟು ವರ್ಷ, ಆರು ಕಲಿತು ಎರಡು ಕಲಿಸಿ. ಕಿಟಕಿಯಲ್ಲಿ ನಿಂತ ಜೇನ್ ಮೊದಲು ಸ್ವಾತಂತ್ರ್ಯ ಬೇಡುತ್ತಾಳೆ. ಗಾಳಿಗೆ ಹಾರಿಹೋದಂತಾಗುತ್ತದೆ. ಬೇಡಿಕೆ ಇಳಿಸಿ, ಬದಲಾವಣೆಯಾದರೂ ಸಾಕು ಅನ್ನುತ್ತಾಳೆ. ಅದೂ ಇಲ್ಲ. ಕೊನೆಗೆ 'ಹೊಸ ಚಾಕರಿಯನ್ನಾದರೂ ಕೊಡು'. ಚೌಕಾಸಿ ಮಾಡಿ ಮಾಡಿ ಒಳಮಾತು ತನಗೆ ದಕ್ಕಬಹುದಾದ ಬೆಲೆಗೆ ಬಂದು ನಿಲ್ಲುತ್ತದೆ. ಆಮೇಲೆ ಹಾಸಿಗೆಯಲ್ಲಿ ತನ್ನ ಮಿದುಳಿಗೇ ಅಪ್ಪಣೆ ಕೊಡುತ್ತಾಳೆ, ಬೇಗ ಉತ್ತರ ಹುಡುಕು ಅಂತ. ಬಂದ ಉತ್ತರದಷ್ಟು ಲೌಕಿಕವಾದ ಒಳಮಾತು ಇಂಗ್ಲಿಷಿನಲ್ಲಿ ಅಪರೂಪ: ಪತ್ರಿಕೆಗೆ ಜಾಹೀರಾತು ಕೊಡು, ಲೋಟನ್ ಅಂಚೆಯಲ್ಲಿ ಹಾಕು, ಉತ್ತರಗಳು ಅಲ್ಲಿನ ಅಂಚೆ ಕಚೇರಿಗೆ 'ಜೆ.ಇ.' ಹೆಸರಿಗೆ ಬರಲಿ.

27ನೇ ಅಧ್ಯಾಯದಲ್ಲಿ ತಾನು ಪ್ರೀತಿಸಿದ ರಾಚೆಸ್ಟರ್‌ನನ್ನು ಬಿಡಬೇಕೋ ಬೇಡವೋ ಎಂಬ ಜಗಳ. ಆತ್ಮಸಾಕ್ಷಿ ಸರ್ವಾಧಿಕಾರಿಯಾಗಿ ಮೋಹದ ಕತ್ತು ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಸರ್ವನಾಮ ಗಮನಿಸಿ: ಆತ್ಮಸಾಕ್ಷಿ 'ಅವನು', ಕಬ್ಬಿಣದ ತೋಳಿನವನು. ಮೋಹ 'ಅವಳು', ನಾಜೂಕು ಪಾದದವಳು. ಹೆಣ್ಣೊಬ್ಬಳ ತಲೆಯೊಳಗೇ ಗಂಡಸೊಬ್ಬ ಹೆಂಗಸೊಬ್ಬಳ ಕತ್ತು ಹಿಡಿದಿದ್ದಾನೆ. ಕನ್ನಡದಲ್ಲಿ ಎರಡಕ್ಕೂ 'ಅದು' ಹಾಕಿಬಿಟ್ಟರೆ ಇಡೀ ಚಿತ್ರ ಮಾಯ. ಅನುವಾದಕರು ಕಷ್ಟಪಟ್ಟಾದರೂ 'ಅವನು', 'ಅವಳು' ಉಳಿಸಬೇಕಾದ ಜಾಗ ಇದು. ಮುಂದೆ 'ನಿನ್ನ ಬಗ್ಗೆ ಯಾರಿಗೆ ಕಾಳಜಿ?' ಎಂಬ ಪ್ರಶ್ನೆಗೆ 'ನನಗೆ ನನ್ನ ಕಾಳಜಿ' ಎಂಬ ಉತ್ತರ, ಕೊನೆಗೆ ಕನಸಿನಲ್ಲಿ ತಾಯಿಯ ರೂಪದ ದನಿ 'ಮಗಳೇ, ಹೊರಡು' ಅನ್ನುವುದು. ಗಂಡುದನಿಯಿಂದ ಹೆಣ್ಣುದನಿಗೆ ಆಜ್ಞೆ ಕೈಬದಲಾಯಿತು.

ಕಡ್ಡಿ ಮುರಿದವ:
ಸರಿ, ಮಾಲಿ ವಿಷಯದಲ್ಲಿ ಹಿಂದೆ ಸರಿದೆ. ಆದರೂ ಒಂದು. ಹೆನ್ರಿ ಜೇಮ್ಸ್‌ನ 'ಪೋರ್ಟ್ರೇಟ್ ಆಫ್ ಎ ಲೇಡಿ' (1881) 42ನೇ ಅಧ್ಯಾಯದಲ್ಲಿ ಇಸಬೆಲ್ ರಾತ್ರಿಯೆಲ್ಲ ಬೆಂಕಿಯ ಮುಂದೆ ಕೂತು ಯೋಚಿಸುತ್ತಾಳೆ. ಬರೆದವನು ಗಂಡಸು, ತಂತ್ರ ಹೆಚ್ಚುಕಮ್ಮಿ ಅದೇ. ಹಾಗಿದ್ದ ಮೇಲೆ 'ಲೇಖಕಿಯರ ಒಳಮಾತು' ಅಂತ ಪ್ರತ್ಯೇಕ ಕಪಾಟು ಬೇಕೆ?

ಅಂಚಿನ ಟಿಪ್ಪಣಿ:
ತಂತ್ರಕ್ಕೆ ಕಪಾಟು ಬೇಡ. ವುಲ್ಫ್‌ರಲ್ಲೇ ಇದಕ್ಕೆ ಪುರಾವೆ ಇದೆ. 'ಮಿಸೆಸ್ ಡಾಲೊವೇ'ಯಲ್ಲಿ (1925) ಕ್ಲಾರಿಸ್ಸಾಳ ಒಂದು ಪುಟ, ಯುದ್ಧದಿಂದ ಜರ್ಜರಿತನಾದ ಸೆಪ್ಟಿಮಸ್‌ನ ಒಂದು ಪುಟ ಪಕ್ಕಪಕ್ಕ ಇಡಿ. ಅರೆವಿರಾಮ, ಆವರಣ, ವಾಕ್ಯದ ನಡುವೆ ಸಿಕ್ಕಿಸಿದ 'ಅಂದುಕೊಂಡಳು', 'ಅಂದುಕೊಂಡ', ಎಲ್ಲ ಇಬ್ಬರಿಗೂ ಸಮಾನ. ಒಂದೇ ಲೇಖಕಿ, ಒಂದೇ ಸಲಕರಣೆ, ಒಂದು ಹೆಣ್ಣು, ಒಂದು ಗಂಡು. ವ್ಯಾಕರಣಕ್ಕೆ ಲಿಂಗವಿದೆ ಎಂಬ ವಾದ ಅಲ್ಲೇ ಬೀಳುತ್ತದೆ.

ವುಲ್ಫ್ ಓದುವಾಗ ಆಗುವ ದೊಡ್ಡ ತಪ್ಪು, ಎಲ್ಲವನ್ನೂ ಪಾತ್ರದ ತಲೆಗೆ ಕಟ್ಟುವುದು. ಅದೇ ಕಾದಂಬರಿಯಲ್ಲಿ ಡಾಕ್ಟರ್ ಬ್ರಾಡ್‌ಶಾನ 'ಪ್ರಮಾಣಬದ್ಧತೆ' ಎಂಬ ದೇವತೆ, ಅವಳ ತಂಗಿ 'ಮತಾಂತರ' ಬರುವ ಉದ್ದನೆಯ ಭಾಗವಿದೆ. ಅದು ಸೆಪ್ಟಿಮಸ್‌ನ ಯೋಚನೆಯಲ್ಲ, ಅವನ ಹೆಂಡತಿ ರೇಜಿಯಾಳದ್ದೂ ಅಲ್ಲ. ಸಿಟ್ಟಿಗೆದ್ದ ನಿರೂಪಕಿ ನೇರವಾಗಿ ಮಾತಾಡುತ್ತಿದ್ದಾಳೆ. ಅಂಥ ಕಡೆ ನನ್ನ ಮೂರನೇ ಪರೀಕ್ಷೆ ಹಚ್ಚಿ.

ಕಪಾಟು ಬೇಕಾಗುವುದು ಬೇರೆ ಕಾರಣಕ್ಕೆ. 'ಟು ದ ಲೈಟ್‌ಹೌಸ್' (1927) ಮೊದಲ ಭಾಗದ 11ನೇ ವಿಭಾಗ. ಮಕ್ಕಳು ಮಲಗಲು ಹೋಗಿದ್ದಾರೆ, ಮಿಸೆಸ್ ರಾಮ್ಸೆ ಹೆಣಿಗೆ ಹಿಡಿದು ದೀಪಸ್ತಂಭದ ಬೆಳಕು ನೋಡುತ್ತಿದ್ದಾಳೆ. ಮನಸ್ಸಿನಲ್ಲಿ ಸಣ್ಣ ಸಣ್ಣ ವಾಕ್ಯಗಳು ತೇಲಿ ಬರುತ್ತವೆ. ಒಂದು ಹಂತದಲ್ಲಿ 'ನಾವು ದೇವರ ಕೈಯಲ್ಲಿದ್ದೇವೆ' ಅನ್ನುವುದೂ ಬರುತ್ತದೆ. ತಕ್ಷಣ ಅವಳಿಗೆ ಕಿರಿಕಿರಿ. ಯಾರು ಹಾಗಂದದ್ದು? ತಾನಲ್ಲ. ತನಗೆ ಬೇಡದ ಮಾತನ್ನು ತನ್ನಿಂದ ಯಾರೋ ಬಲೆ ಬೀಸಿ ಹೇಳಿಸಿದರು. ಒಳಮಾತು ತನ್ನ ಒಳಗೆ ನುಸುಳಿದ ಪರರ ಮಾತನ್ನು ಕೈಯಾರೆ ಹಿಡಿದ ಕ್ಷಣ ಅದು. ಎರಿಕ್ ಆವರ್‌ಬಾಕ್ ಇಸ್ತಾಂಬುಲ್‌ನಲ್ಲಿ ಕೂತು ಬರೆದ 'ಮಿಮೆಸಿಸ್' (1946) ಪುಸ್ತಕದ ಕೊನೆಯ ಅಧ್ಯಾಯ ಇದೇ ಕಾದಂಬರಿಯ ಕಂದುಬಣ್ಣದ ಕಾಲುಚೀಲದ ಪ್ರಸಂಗದ ಮೇಲೆ. ದನಿಗಳ ಬೆರಕೆಯನ್ನು ಆತ ಅದ್ಭುತವಾಗಿ ಬಿಡಿಸುತ್ತಾನೆ. ಆದರೆ ಕಾಲುಚೀಲ ಅಳೆಯುತ್ತ, ಮನೆಯ ಬಾಗಿಲು ಮುಚ್ಚಿದೆಯಾ ಕಿಟಕಿ ತೆರೆದಿದೆಯಾ ನೋಡುತ್ತ ಯೋಚಿಸಬೇಕಾದದ್ದು ಹೆಂಗಸೇ ಯಾಕೆ ಎಂಬುದು ಅವನ ಪ್ರಶ್ನೆಯಲ್ಲ. ಗೃಹಿಣಿಯ ಯೋಚನೆಗೆ ಪೂರ್ತಿ ಬಿಡುವು ಸಿಗುವುದಿಲ್ಲ, ಕೆಲಸದ ಸಂದಿಗಳಲ್ಲೇ ಅದು ನಡೆಯಬೇಕು. ವುಲ್ಫ್‌ರ ಆವರಣ ಚಿಹ್ನೆಗಳಿಗೆ ನಾನು ಕಾಣುವ ಕಾರಣ ಇದು. ನೀರಿನ ಹರಿವಿಗಿಂತ ಅಡ್ಡಿಗಳ ಸಾಲು.

ನಾಲ್ಕಾಣೆ:
ಹರಿವಲ್ಲ ಅಡ್ಡಿ ಎಂಬುದಕ್ಕೆ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್‌ರ 'ಮಿಸ್ ಬ್ರಿಲ್' (1920) ಸೇರಿಸಿ. ನಾಲ್ಕೈದು ಪುಟದ ಕತೆ, ಪಾಠಕ್ಕೆ ಹೇಳಿ ಮಾಡಿಸಿದ್ದು. ಭಾನುವಾರದ ಉದ್ಯಾನ, ವಾದ್ಯವೃಂದ, ಪೆಟ್ಟಿಗೆಯಿಂದ ತೆಗೆದ ತುಪ್ಪಳದ ಕೊರಳುಪಟ್ಟಿ. ಕತೆಯ ಮುಕ್ಕಾಲು ಪಾಲು ಮುಕ್ತ ಪರೋಕ್ಷ. ಬೆಂಚಿನ ಮೇಲೆ ಬಂದು ಕೂತ ಹುಡುಗ ಹುಡುಗಿ ಮಿಸ್ ಬ್ರಿಲ್‌ಳನ್ನು ಆಡಿಕೊಳ್ಳುತ್ತಾರೆ. ಅವರ ಮಾತು ಉದ್ಧರಣ ಚಿಹ್ನೆಯೊಳಗೆ ಬರುತ್ತದೆ. ಆ ಕ್ಷಣದಿಂದ ಅವಳ ಒಳಮಾತು ನಿಂತೇಹೋಗುತ್ತದೆ! ದಾರಿಯಲ್ಲಿ ಬೇಕರಿಯ ಜೇನಿನ ಕೇಕ್ ಕೊಳ್ಳಲಿಲ್ಲ, ಕತ್ತಲೆ ಕೋಣೆಗೆ ಬಂದಳು, ಕೂತಳು. ಎಲ್ಲ ಹೊರಗಿನಿಂದ ಕಂಡಂತೆ. ತನಗೆ ಹೇಗನ್ನಿಸಿತು ಎಂಬ ಒಂದು ಉದ್ಗಾರವೂ ಇಲ್ಲ. ಕೊನೆಯಲ್ಲಿ ಪೆಟ್ಟಿಗೆಯೊಳಗೆ ಏನೋ ಅತ್ತಂತೆ ಕೇಳಿಸಿತು ಅವಳಿಗೆ, ಅಷ್ಟೆ. ಒಳಮಾತು ಎಲ್ಲಿ ನಿಲ್ಲುತ್ತದೆ ಎಂದು ಗೆರೆ ಎಳೆಯುವುದು, ಎಲ್ಲಿ ಶುರುವಾಗುತ್ತದೆ ಅನ್ನುವಷ್ಟೇ ಮುಖ್ಯ.

ಸಾಧನಕೇರಿ:
ಎಲ್ಲಾರೂ ಲಂಡನ್ನಿನಾಗ ಅಡ್ಡಾಡಾಕತ್ತೀರಲ್ಲ, ಧಾರವಾಡಕ್ಕೂ ಒಮ್ಮೆ ಬರ್ರಿ. ಶಶಿ ದೇಶಪಾಂಡೆ ಅವರು ಹುಟ್ಟಿದ್ದು ಇಲ್ಲೇ, ನಾಟಕಕಾರ ಶ್ರೀರಂಗರ ಮಗಳು, ಬರದದ್ದು ಇಂಗ್ಲಿಷಿನಾಗ. 'ದಟ್ ಲಾಂಗ್ ಸೈಲೆನ್ಸ್' 1988ರಾಗ ಬಂತು, 1990ರಾಗ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಹೆಸರು ಬಂದದ್ದು ಎಲಿಜಬೆತ್ ರಾಬಿನ್ಸ್ 1907ರಾಗ ಮಾಡಿದ ಭಾಷಣದಿಂದ, ಅರ್ಧ ಜಗತ್ತಿನ ಆ ಉದ್ದನೆಯ ಮೌನ ಅಂತ.

ಕಥಿ ಹೇಳಾಕಿ ಜಯಾ. ಹುಟ್ಟಿದಾಗ ಅಪ್ಪ ಇಟ್ಟ ಹೆಸರು ಜಯಾ, ಮದುವಿಯಾಗ ಗಂಡ ಮೋಹನ ಇಟ್ಟದ್ದು ಸುಹಾಸಿನಿ. ಹಿಂಗಾಗಿ 'ನಾನು' ಅನ್ನೂದ ಎರಡು ಪಾಲು ಆಗೇದ. ಮ್ಯಾಲೆ ಅಂಚಿನ ಟಿಪ್ಪಣಿಯವರು ಅಂದ್ರಲ್ಲ, ಪರರ ಮಾತು ನುಸುಳೂದು ಅಂತ, ಜಯಾನ ತಲಿಯಾಗ ಅದರ ಸಂತಿನ ನೆರದದ. ಗಂಡ ಅಂದ್ರ ನೆರಳು ಕೊಡೂ ಮರ ಅಂತ ವನಿತಾಮಾಮಿ ಹೇಳಿದ್ದು, ಗಾಂಧಾರಿ ಕಣ್ಣಿಗೆ ಕಟ್ಟಿಕೊಂಡ ಬಟ್ಟಿ, ಒಂದೇ ನೊಗಕ್ಕ ಕಟ್ಟಿದ ಎರಡು ಎತ್ತು. ವುಲ್ಫ್‌ರ ನಾಯಕಿಗೆ ಬೈಬಲಿನ ಧಾಟಿಯ ಮಾತು ಅಡ್ಡ ಬಂದ್ರ, ಈಕಿಗೆ ಹಿರೇರ ಗಾದಿ, ಪುರಾಣ ಅಡ್ಡ ಬರ್ತಾವ.

ಕೊನಿಗೆ ಒಂದು ಮಾತು ಅದ, ಅದನ್ನ ಬಿಟ್ಟು ಈ ವಿಷಯ ಮಾತಾಡಬಾರದು. ಸಂಸ್ಕೃತ ನಾಟಕದಾಗ ಹೆಣ್ಣುಪಾತ್ರಗಳು ಸಂಸ್ಕೃತ ಆಡೂದಿಲ್ಲ, ಪ್ರಾಕೃತ ಆಡ್ತಾವ. ಜಯಾಗ ಹೊಳಿತದ, ಇಷ್ಟ ವರ್ಷ ತಾನೂ ಆಡಿದ್ದು ಪ್ರಾಕೃತನ ಅಂತ. ಅದರ ಜೋಡಿ ಗೀತಾದ 'ಯಥೇಚ್ಛಸಿ ತಥಾ ಕುರು', ನಿನಗ ಹ್ಯಾಂಗ ಬೇಕೋ ಹಂಗ ಮಾಡು ಅಂತ, ಅದು ಅಪ್ಪನ ಕಡಿಂದ ಬಂದದ್ದು. ಇನ್ನೊಂದು ಕಾದಂಬರಿ 'ದ ಡಾರ್ಕ್ ಹೋಲ್ಡ್ಸ್ ನೋ ಟೆರರ್ಸ್' (1980) ನೋಡ್ರಿ, ಸರಿತಾ ಒಮ್ಮೆ 'ನಾನು' ಆಗ್ತಾಳ, ಒಮ್ಮೆ 'ಅವಳು' ಆಗ್ತಾಳ. ಆ ಬದಲಾವಣೆ ಎಲ್ಲೆಲ್ಲಿ ಆಗ್ತದ ಅಂತ ಪುಟದ ಅಂಚಿನಾಗ ಬರಕೋತ ಹೋಗ್ರಿ, ಮುಗಿಯೂದ್ರಾಗ ಕಾದಂಬರಿಯ ನಕ್ಷಾನ ಸಿಗ್ತದ.

ತರ್ಜುಮೆ ಮೇಜು:
ಸಾಧನಕೇರಿ ಅವರ ಪಟ್ಟಿಗೆ ಅನಿತಾ ದೇಸಾಯಿ ಅವರ 'ಕ್ರೈ, ದ ಪೀಕಾಕ್' (1963) ಸೇರಿಸಬಹುದು. ಮಾಯಾಳ ಉದ್ದ ಸ್ವಗತವನ್ನು ಹಿಂದೆ ಮುಂದೆ ಎರಡು ಚಿಕ್ಕ 'ಅವಳು' ಭಾಗಗಳು ಚಿಮ್ಮಟದಂತೆ ಹಿಡಿದುಕೊಂಡಿವೆ.

ಈಗ ಕನ್ನಡಕ್ಕೆ ತರುವ ವಿಚಾರ. ಮುಕ್ತ ಪರೋಕ್ಷ ಅನುವಾದದಲ್ಲಿ ಕೆಡುವ ಜಾಗಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ.

ಕಾಲ: ಇಂಗ್ಲಿಷಿನಲ್ಲಿ 'ನಾಳೆ' ಎಂಬ ಪದದ ಪಕ್ಕದಲ್ಲೇ ಭೂತಕಾಲದ ಕ್ರಿಯಾಪದ ಬರುತ್ತದೆ. ಅದನ್ನು ಹಾಗೇ ಇಳಿಸಿ 'ನಾಳೆ ಹೋಗಬೇಕಿತ್ತೆ?' ಅಂದರೆ ಕನ್ನಡದಲ್ಲಿ ಅರ್ಥವೇ ಬೇರೆ, ಹೋಗಬೇಕಾಗಿದ್ದು ತಪ್ಪಿಹೋಯಿತು ಅಂತ. ಪಾತ್ರದ ಕಾಲವನ್ನೇ ಉಳಿಸಿ: 'ನಾಳೆ ಹೋಗಲೇಬೇಕೆ?'

ಸರ್ವನಾಮ: ನಮ್ಮಲ್ಲಿ 'ತಾನು' ಇದೆ, ಇಂಗ್ಲಿಷಿಗೆ ಇಲ್ಲದ ಭಾಗ್ಯ. 'ಅವಳಿಗೇಕೆ ಈ ಉಸಾಬರಿ?' ಅಂದರೆ ಹೊರಗಿನವರ ಮಾತು. 'ತನಗೇಕೆ ಈ ಉಸಾಬರಿ?' ಅಂದ ತಕ್ಷಣ ಅವಳ ತಲೆಯೊಳಗಿದ್ದೇವೆ, ಉದ್ಧರಣ ಚಿಹ್ನೆ ಬೇಕಿಲ್ಲ. ಆದರೆ 'ತಾನು' ಕರ್ತೃವಾದಾಗ ಕ್ರಿಯಾಪದ ತಕರಾರು ಮಾಡುತ್ತದೆ, 'ತಾನು ಸೋತೆ' ಅನ್ನಬೇಕೋ 'ಸೋತಳು' ಅನ್ನಬೇಕೋ. ಅದಕ್ಕೆ ಚತುರ್ಥಿ ಹಿಡಿಯಿರಿ: ತನಗೆ ಗೊತ್ತಿರಲಿಲ್ಲ, ತನಗೆ ಸಾಕಾಗಿತ್ತು, ತನಗೆ ಹೊಳೆಯಬೇಕಿತ್ತು. ಜಾಡು ಸಲೀಸಾಗುತ್ತದೆ.

ಲಿಂಗ: ಕನ್ನಡದ ಕ್ರಿಯಾಪದ 'ಹೋದಳು' ಅಂದಾಗಲೆಲ್ಲ ಹೆಣ್ಣು ಎಂದು ಸಾರುತ್ತದೆ, 'ಹೋದೆ' ಅಂದಾಗ ಸುಮ್ಮನಿರುತ್ತದೆ. ವುಲ್ಫ್ ತಮ್ಮ ನಾಯಕಿಯನ್ನು ಬೇಕೆಂದೇ 'ಒನ್' ಎಂಬ ಲಿಂಗವಿಲ್ಲದ ಸರ್ವನಾಮದ ಹಿಂದೆ ಬಚ್ಚಿಡುತ್ತಾರೆ. 'ಮಿಸೆಸ್ ಡಾಲೊವೇ'ಯ ಆರಂಭದಲ್ಲೇ, ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಿದವರಿಗೆ ವಾಹನಗಳ ನಡುವೆಯೂ ಒಂದು ನಿಶ್ಶಬ್ದ ಅನುಭವಕ್ಕೆ ಬರುತ್ತದೆ ಎಂಬ ವಾಕ್ಯ ಹಾಗಿದೆ. 'ಅವಳಿಗೆ ಅನುಭವಕ್ಕೆ ಬರುತ್ತದೆ' ಅಂದರೆ ಬಚ್ಚಿಟ್ಟದ್ದನ್ನು ಹೊರಗೆಳೆದಂತೆ, 'ಮನುಷ್ಯನಿಗೆ' ಅಂದರೆ ಪ್ರವಚನ. ನನ್ನ ಸಲಹೆ: ಕರ್ತೃವನ್ನೇ ಬಿಟ್ಟು 'ಇಷ್ಟು ವರ್ಷ ಇಲ್ಲಿದ್ದ ಮೇಲೆ ಗೊತ್ತಾಗುತ್ತದೆ, ಕ್ಲಾರಿಸ್ಸಾಗೆ ಅನುಮಾನವೇ ಇರಲಿಲ್ಲ, ಆ ಒಂದು ನಿಶ್ಶಬ್ದ' ಎಂಬ ಧಾಟಿ. ನಾವು ಮಾತಿನಲ್ಲಿ ಕರ್ತೃ ಬಿಡುವುದು ಸಹಜ. ಒಳಮಾತು ಸಂಕ್ಷಿಪ್ತ, ಅದರಲ್ಲಿ ಆಖ್ಯಾತವೇ (ಏನಾಯಿತು ಎಂದು ಹೇಳುವ ಭಾಗ) ಮುಖ್ಯ, ಕರ್ತೃ ಉದುರುತ್ತದೆ ಎಂದು ಮನಶ್ಶಾಸ್ತ್ರಜ್ಞ ವೈಗಾಟ್ಸ್ಕಿ 1934ರಲ್ಲಿ ಹೇಳಿದ ಲಕ್ಷಣಕ್ಕೂ ಇದು ಹತ್ತಿರ.

'ಎಂದುಕೊಂಡಳು': ಮೂಲದಲ್ಲಿ ಇಲ್ಲದ ಕಡೆ ಸೇರಿಸಲೇಬೇಡಿ. ಪ್ರತಿ ವಾಕ್ಯಕ್ಕೂ ಅದನ್ನು ಕಟ್ಟಿದರೆ ಆಸ್ಟನ್ ಪೊಲೀಸ್ ಹೇಳಿಕೆಯಂತೆ ಕೇಳುತ್ತಾರೆ. ಬದಲಿಗೆ ಛೇ, ಪಾಪ, ಅಲ್ಲವೇ, ತಾನೆ, ಅಯ್ಯೋ, ಇವುಗಳಲ್ಲಿ ಒಂದು ಸಾಕು. 'ಪಾಪ ಹ್ಯಾರಿಯೆಟ್!' ಅಂದರೆ ಅದು ಎಮ್ಮಾ ಎಂದು ಯಾರೂ ಹೇಳಿಕೊಡಬೇಕಿಲ್ಲ.

ನಾಲ್ಕಾಣೆ:
ಈಚಿನವರನ್ನು ಯಾರೂ ಮುಟ್ಟಲಿಲ್ಲ. ಐಮಿಯರ್ ಮ್ಯಾಕ್‌ಬ್ರೈಡ್‌ರ 'ಎ 
ಗರ್ಲ್ ಈಸ್ ಎ ಹಾಫ್-ಫಾರ್ಮ್ಡ್ ಥಿಂಗ್' (2013) ಆರು ತಿಂಗಳಲ್ಲಿ ಬರೆದದ್ದು, ಪ್ರಕಾಶಕರು ಸಿಗಲು ಒಂಬತ್ತು ವರ್ಷ. ಅಲ್ಲಿ ಪೂರ್ಣವಿರಾಮ ಕಡಿಮೆಯಲ್ಲ, ವಿಪರೀತ! ಎರಡು ಮೂರು ಪದಕ್ಕೊಂದು. ಲೂಸಿ ಎಲ್ಮನ್‌ರ 'ಡಕ್ಸ್, ನ್ಯೂಬರಿಪೋರ್ಟ್' (2019) ಉಲ್ಟಾ, ಒಹಾಯೊದ ಗೃಹಿಣಿ ಪೈ ಮಾಡುತ್ತ ಯೋಚಿಸುವುದು ಸಾವಿರ ಪುಟ ದಾಟಿದ, ಬಹುಪಾಲು ಒಂದೇ ವಾಕ್ಯ. 'ಏನೆಂದರೆ' ಎಂಬಂಥ ಒಂದೇ ಪದಗುಚ್ಛ ಮತ್ತೆ ಮತ್ತೆ ಬಂದು ತುಂಡುಗಳನ್ನು ಹೊಲಿಯುತ್ತದೆ. ಇಬ್ಬರೂ ಲೇಖಕಿಯರು, ಇಬ್ಬರದೂ ಹೆಣ್ಣಿನ ಒಳಮಾತು, ಚಿಹ್ನೆಯಲ್ಲಿ ಉತ್ತರ ದಕ್ಷಿಣ.

ಹಳೇ ಬೈಂಡು:
ಚಿಹ್ನೆ ಎಣಿಸುವವರಿಗೆ ಒಂದು ಎಚ್ಚರಿಕೆ. 'ಎಮ್ಮಾ'ದ ಹಸ್ತಪ್ರತಿ ಉಳಿದಿಲ್ಲ. ಆಸ್ಟನ್ ಮುಗಿಸಿದ ಪ್ರಮುಖ ಕಾದಂಬರಿಗಳ ಪೈಕಿ ಕೈಬರಹದಲ್ಲಿ ಸಿಗುವುದು 'ಪರ್ಸುಯೇಷನ್'ನ, ಅದೂ ಆಕೆ ಕೈಬಿಟ್ಟ ಕೊನೆಯ ಅಧ್ಯಾಯಗಳು ಮಾತ್ರ. ಆದ್ದರಿಂದ 'ಎಮ್ಮಾ'ದ ಅಡ್ಡಗೆರೆಗಳಲ್ಲಿ ಆಸ್ಟನ್‌ರದ್ದು ಎಷ್ಟು, ಅಚ್ಚಿನ ಮನೆಯವರದ್ದು ಎಷ್ಟು ಎಂದು ಬೇರ್ಪಡಿಸಲಾಗದು. ಅಡ್ಡಗೆರೆ ಎಣಿಸಿ 'ಹೆಣ್ಣಿನ ಶೈಲಿ' ಅಂತ ಕೋಷ್ಟಕ ಮಾಡಿದರೆ ಎಣಿಸಿದ್ದು ಮೊಳೆ ಜೋಡಿಸುವವನ ಶೈಲಿಯೂ ಇರಬಹುದು.

ಅಧ್ಯಾಯ ಸಂಖ್ಯೆಯಲ್ಲೂ ಎಡವುತ್ತಾರೆ. ಮೊದಲ ಮುದ್ರಣ ಮೂರು ಸಂಪುಟ: 18, 18, 19 ಅಧ್ಯಾಯ. ನೈಟ್ಲಿಯನ್ನು ತಾನೇ ಮದುವೆಯಾಗಬೇಕು ಎಂದು ಎಮ್ಮಾಗೆ ಬಾಣದಂತೆ ಹೊಳೆಯುವುದು ಮೂರನೇ ಸಂಪುಟದ 11, ಈಗಿನ ಪ್ರತಿಗಳಲ್ಲಿ 47.

'ಟು ದ ಲೈಟ್‌ಹೌಸ್' ಇನ್ನೂ ಕಷ್ಟ. ಬ್ರಿಟಿಷ್, ಅಮೆರಿಕನ್ ಮೊದಲ ಆವೃತ್ತಿಗಳ ಕರಡನ್ನು ವುಲ್ಫ್ ಬೇರೆಬೇರೆಯಾಗಿ ತಿದ್ದಿದರು. ಮಿಸೆಸ್ ರಾಮ್ಸೆ ಸತ್ತ ಸುದ್ದಿ ಬರುವ ಚೌಕಾವರಣದ ಸಾಲು ಎರಡರಲ್ಲೂ ಬೇರೆ. ಬ್ರಿಟಿಷ್ ಪ್ರತಿಯಲ್ಲಿ 'ಅವು (ಗಂಡ ಚಾಚಿದ ತೋಳುಗಳು) ಬರಿದಾಗಿಯೇ ಉಳಿದವು' ಎಂಬುದು ಸ್ವತಂತ್ರ ವಾಕ್ಯ, ಅಮೆರಿಕನ್ ಪ್ರತಿಯಲ್ಲಿ ಒಂದೇ ವಾಕ್ಯದ ಬಾಲ. ಯಾವ ಪ್ರತಿ ಎಂದು ಬರೆಯದೆ ವಾಕ್ಯರಚನೆಯ ಬಗ್ಗೆ ಪ್ರಬಂಧ ಬರೆದರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ.

ಕಡ್ಡಿ ಮುರಿದವ:
ತರ್ಜುಮೆ ಮೇಜಿನವರಿಗೆ ಒಂದು ಪ್ರಶ್ನೆ. 'ಟು ದ ಲೈಟ್‌ಹೌಸ್'ನಲ್ಲೇ ಚಿತ್ರಕಾರ್ತಿ ಲಿಲಿ ಚಿತ್ರ ಬರೆಯುವಾಗ ಮನೆಗೆ ಬಂದ ಅತಿಥಿ ಟ್ಯಾನ್‌ಸ್ಲಿಯ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತದೆ: ಹೆಂಗಸರಿಗೆ ಚಿತ್ರ ಬರೆಯಲಾಗದು, ಸಾಹಿತ್ಯ ಬರೆಯಲಾಗದು. ಕನ್ನಡದ 'ಅಂತೆ' ಇದಕ್ಕೆ ಹೇಳಿ ಮಾಡಿಸಿದಂತಿಲ್ಲವೇ? 'ಹೆಂಗಸರು ಚಿತ್ರ ಬರೆಯಲಾರರಂತೆ.' ಪರರ ಮಾತು ಎಂಬ ಮುದ್ರೆ ಒಂದೇ ಪ್ರತ್ಯಯದಲ್ಲಿ ಬಿತ್ತು.

ತರ್ಜುಮೆ ಮೇಜು:
ಆಸೆಯಾಗುವ ಉಪಾಯ, ಆದರೆ ಬೇಡ ಸಾರ್. 'ಅಂತೆ' ಬಂದ ಕೂಡಲೇ ಅದರ ಜೊತೆ ಸಣ್ಣ ವ್ಯಂಗ್ಯವೂ ಬರುತ್ತದೆ, 'ನೋಡು, ಏನಂತಾನೆ ಇವನು' ಅಂತ. ಅಷ್ಟು ದೂರ ನಿಂತು ಆಡಿಕೊಳ್ಳುವ ಶಕ್ತಿ ಆ ಗಳಿಗೆಯಲ್ಲಿ ಲಿಲಿಗೆ ಇಲ್ಲ. ಮಾತು ಬೆತ್ತಲೆಯಾಗಿ ಬಂದು ನಾಟುತ್ತದೆ, ಅದಕ್ಕೇ ಕುಂಚ ತಡವರಿಸುವುದು. ಮೊದಲ ಭಾಗದಲ್ಲಿ 'ಹೆಂಗಸರಿಗೆ ಚಿತ್ರ ಬರೆಯೋಕಾಗಲ್ಲ' ಅಂತ ಟ್ಯಾನ್‌ಸ್ಲಿಯ ಬಾಯಿಮಾತಿನಲ್ಲೇ ಬಿಡುತ್ತೇನೆ. ಹತ್ತು ವರ್ಷ ಕಳೆದ ಮೇಲಿನ ಮೂರನೇ ಭಾಗದಲ್ಲಿ, ಅವನು ಹಾಗನ್ನುತ್ತಿದ್ದ ಎಂದು ಅವಳು ನೆನೆಸಿಕೊಳ್ಳುವ ಕಡೆ ಬೇಕಾದರೆ ನಿಮ್ಮ 'ಅಂತೆ' ತರೋಣ. ಅಷ್ಟರಲ್ಲಿ ಅವಳಿಗೆ ಆ ದೂರ ಸಿಕ್ಕಿರುತ್ತದೆ.